ಭಿಕ್ಷುಕರ ಹೆಸರಿಗೆ ಮೂರು, ಕಾಡಿನ ಹೆಸರಿಗೆ ಎರಡು

ಪಶ್ಚಿಮ ಘಟ್ಟದ ಬೆಲೆ ತಿಂಗಳಿಗೆ ಎರಡು ರೂಪಾಯಿಯೋ ಮೂರು ರೂಪಾಯಿಯೋ ಎಂಬ ಒಂದು ವಿಷಯದಲ್ಲಿ ಮಾತ್ರ ಸರ್ಕಾರಕ್ಕೆ ಅನುಮಾನವಿತ್ತು, ಉಳಿದದ್ದೆಲ್ಲ ಸ್ಪಷ್ಟವಾಗಿತ್ತು. ರಾಜ್ಯದ ಅರಣ್ಯ ಸಚಿವರು 2024ರ ನವೆಂಬರಿನಲ್ಲಿ ಮುಂದಿಟ್ಟ ‘ಹಸಿರು ಸೆಸ್’ ಪ್ರಸ್ತಾಪವನ್ನು ಎಲ್ಲರೂ ಓದಿದ್ದಾರೆ, ಓದಿದವರಲ್ಲಿ ಬಹುಪಾಲು ಮಂದಿ ಮರೆತೂ ಇದ್ದಾರೆ. ತುಂಗೆ, ಭದ್ರೆ, ಶರಾವತಿ, ಹೇಮಾವತಿ, ಕಾವೇರಿ ಮೊದಲಾದ ಘಟ್ಟದ ನದಿಗಳ ನೀರು ಕುಡಿಯುವ ಊರುಗಳಲ್ಲಿ ನೀರಿನ ಬಿಲ್ಲಿನ ಜೊತೆಗೆ ಈ ಪುಡಿಗಾಸನ್ನು ವಸೂಲು ಮಾಡಿ, ಅದರಿಂದ ಘಟ್ಟವನ್ನು ಉಳಿಸುವುದು ಎಂಬುದು ಅದರ ಸಾರಾಂಶ. ಬಸ್ ನಿಲ್ದಾಣದ ಶೌಚಾಲಯಕ್ಕೂ ಇದಕ್ಕಿಂತ ಹೆಚ್ಚು ಕೊಟ್ಟು ಬರುವ ನಮಗೆ, ಆಗುಂಬೆಯಿಂದ ಕೊಡಚಾದ್ರಿಯವರೆಗಿನ ಕಾಡು ಇಷ್ಟು ಅಗ್ಗಕ್ಕೆ ಉಳಿಯುವುದಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆವು ಎಂದು ನಾಚಿಕೆಯಾಗಬೇಕಿತ್ತು.

ನಾನಂತೂ ಈ ಪ್ರಸ್ತಾಪದ ಪರ. ತೆರಿಗೆ ಎನ್ನುವುದು ಒರಟು ಮಾತು. ಕೇಳಿದ ಕೂಡಲೇ ಮನುಷ್ಯ ಜೇಬು ಮುಟ್ಟಿಕೊಳ್ಳುತ್ತಾನೆ, ಲೆಕ್ಕ ಕೇಳುತ್ತಾನೆ, ಯಾರಪ್ಪನ ದುಡ್ಡು ಎನ್ನುತ್ತಾನೆ. ಸೆಸ್ ಹಾಗಲ್ಲ. ಅದು ಯಾವಾಗಲೂ ಒಂದು ಸತ್ಕಾರ್ಯದ ಕೈಹಿಡಿದುಕೊಂಡೇ ಬರುತ್ತದೆ. ಶಿಕ್ಷಣ ಸೆಸ್ ಬೇಡವೆಂದರೆ ನೀವು ಮಕ್ಕಳ ವಿರೋಧಿ, ಸ್ವಚ್ಛ ಭಾರತ ಸೆಸ್ ಬೇಡವೆಂದರೆ ಕಸದ ಪಕ್ಷಪಾತಿ, ಕೃಷಿ ಕಲ್ಯಾಣ ಸೆಸ್ ಬೇಡವೆಂದರೆ ಅನ್ನ ತಿನ್ನಲು ಅಯೋಗ್ಯ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ‘ಉಪಕರ’ ಎಂದು ಹೆಸರು. ಉಪಕಾರಕ್ಕೂ ಇದಕ್ಕೂ ನಡುವೆ ಇರುವುದು ಒಂದೇ ಒಂದು ದೀರ್ಘ, ಅದೂ ವಸೂಲಾತಿಯ ಅವಸರದಲ್ಲಿ ಬಿದ್ದುಹೋಗಿರಬೇಕು.

ಈ ಪದದ ಮೂಲವನ್ನು ಹುಡುಕಿಕೊಂಡು ಹೋದವರಿಗೆ ಸಿಗುವುದು ಲ್ಯಾಟಿನ್ನಿನ ‘ಪಕ್ಕದಲ್ಲಿ ಕುಳಿತುಕೊಳ್ಳು’ ಎಂಬ ಅರ್ಥದ ಒಂದು ಕ್ರಿಯಾಪದ. ನ್ಯಾಯಾಧೀಶನ ಪಕ್ಕದಲ್ಲಿ ಕುಳಿತು ಯಾರು ಎಷ್ಟು ಕಟ್ಟಬೇಕೆಂದು ಅಂದಾಜು ಮಾಡುವವನೇ ಅಸೆಸರ್. ಅವನು ಮಾಡುವ ಕೆಲಸ ಅಸೆಸ್. ಅದರ ತಲೆ ಹಾರಿಸಿ ಇಂಗ್ಲಿಷರು ಸೆಸ್ ಎಂದರು. ಹದಿನಾರನೆಯ ಶತಮಾನದ ಐರ್ಲೆಂಡಿನಲ್ಲಿ ಇಂಗ್ಲಿಷ್ ಸೈನಿಕರಿಗೂ ಅಲ್ಲಿನ ಆಡಳಿತಾಧಿಕಾರಿಯ ಮನೆವಾರ್ತೆಗೂ ಬೇಕಾದ ದವಸಧಾನ್ಯ, ದನಕರುಗಳನ್ನು ಸರ್ಕಾರ ತಾನೇ ಗೊತ್ತುಮಾಡಿದ ಬೆಲೆಗೆ ಜನ ಕೊಡಬೇಕಾಗಿತ್ತು. ಅದರ ಹೆಸರೂ ಸೆಸ್ಸೇ. ಅಲ್ಲಿನವರು ಯಾರಿಗಾದರೂ ಶಾಪ ಹಾಕಬೇಕಾದರೆ ‘ನಿನಗೆ ಕೆಟ್ಟ ಸೆಸ್ ಬೀಳಲಿ’ ಎಂದು ಬೈಯುತ್ತಿದ್ದರು. ಆ ಬೈಗುಳ ಹುಟ್ಟಿದ್ದು ಈ ವಸೂಲಿಯಿಂದಲೇ ಎಂಬ ಮಾತಿದೆ. ಬೈಗುಳವಾಗಿ ಬಳಕೆಯಾದ ಪದವನ್ನು ಹಡಗಿಗೆ ಹಾಕಿಕೊಂಡು ಬಂದು, 1871ರಲ್ಲಿ ಬಂಗಾಳದಲ್ಲಿ ‘ರಸ್ತೆ ಸೆಸ್’ ಎಂಬ ಕಾಯ್ದೆಯನ್ನೇ ಮಾಡಿದರು. ರಸ್ತೆಯ ಹೆಸರಿನಲ್ಲಿ ಶುರುವಾದ ಆ ಪದ್ಧತಿ ಇವತ್ತಿಗೂ ನಮ್ಮ ಪೆಟ್ರೋಲ್ ಬಂಕಿನಲ್ಲಿ ಕ್ಷೇಮವಾಗಿದೆ.

ಇದೆಲ್ಲ ಬ್ರಿಟಿಷರಿಂದ ಕಲಿತದ್ದು ಎಂದು ಹೇಳಿ ನಮ್ಮ ಪೂರ್ವಿಕರ ಕೀರ್ತಿಯನ್ನು ಕಡಿಮೆ ಮಾಡುವುದು ನನಗೆ ಇಷ್ಟವಿಲ್ಲ. ಮೊಘಲರ ಕಾಲದಲ್ಲಿ ಭೂಕಂದಾಯದ ಮೇಲೆ ಹೇರುತ್ತಿದ್ದ ಇಂತಹ ಸೇರ್ಪಡೆಗಳಿಗೆ ‘ಅಬ್ವಾಬ್’ ಎಂಬ ಹೆಸರಿತ್ತು, ಎಂದರೆ ಬಾಗಿಲುಗಳು. ಹೆಬ್ಬಾಗಿಲಿನಿಂದ ಹೋದದ್ದು ಸಾಲದೆ ಹಿತ್ತಿಲ ಬಾಗಿಲಿನಿಂದಲೂ ಹೋಗಬೇಕೆಂಬ ಭಾವ. ನಮ್ಮ ಬನವಾಸಿ ಸೀಮೆಯ ಶಾಸನಗಳ ಸಂಪತ್ತು ಇನ್ನೂ ದೊಡ್ಡದು. ಬಳ್ಳಿಗಾವಿಯ ಕಡೆಯ ಶಾಸನಗಳನ್ನು ಓದುತ್ತ ಹೋದರೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳೂ ಅವುಗಳನ್ನು ನೋಡಿಕೊಳ್ಳುವ ಅಧಿಕಾರಿಗಳೂ ಸಾಲಾಗಿ ಎದುರಾಗುತ್ತಾರೆ. ಗಾಣಕ್ಕೊಂದು, ಮಗ್ಗಕ್ಕೊಂದು, ಮದುವೆಗೊಂದು. ದೊಡ್ಡ ಸುಂಕಗಳ ಜೊತೆಗೆ ಬರುವ ಚಿಲ್ಲರೆ ಬಾಬ್ತುಗಳಿಗೆ ಶಾಸನದವರು ಇಟ್ಟ ಹೆಸರು ‘ಕಿರುಕುಳ’. ನಾನು ಇದನ್ನು ಕಲ್ಪಿಸಿ ಹೇಳುತ್ತಿಲ್ಲ; ಕಿರಿದಾದವುಗಳ ಗುಂಪು ಎಂಬಷ್ಟೇ ಮುಗ್ಧವಾದ ಆ ಪದ ಶತಮಾನಗಳ ವಸೂಲಾತಿಯನ್ನು ದಾಟಿ ಬಂದು ಇವತ್ತು ಪೊಲೀಸ್ ಠಾಣೆಯ ದೂರಿನಲ್ಲಿ ಕುಳಿತಿದೆ. ವಿಧಾನಸೌಧದ ಭಾಷಾಂತರಕಾರರು ಉಪಕರವನ್ನು ಕೈಬಿಟ್ಟು ಈ ಹಳಗನ್ನಡ ಪದವನ್ನೇ ಜಾರಿಗೆ ತಂದರೆ, ಹಸಿರು ಕಿರುಕುಳ, ಶಿಕ್ಷಣ ಕಿರುಕುಳ ಎಂದು ರಸೀದಿಯಲ್ಲಿ ನಮೂದಿಸಬಹುದು, ಕನ್ನಡಾಭಿಮಾನವೂ ಉಳಿಯುತ್ತದೆ.

ಇಲ್ಲಿ ಬಿದನೂರಿನ ಶಿವಪ್ಪ ನಾಯಕರನ್ನು ನೆನೆಯದೆ ಮುಂದೆ ಹೋದರೆ ಶಿವಮೊಗ್ಗದ ಜನ ನನ್ನನ್ನು ಕ್ಷಮಿಸುವುದಿಲ್ಲ. 1645ರಿಂದ 1660ರವರೆಗೆ ಆಳಿದ ಈ ದೊರೆ ಮಾಡಿದ ಕಂದಾಯದ ವ್ಯವಸ್ಥೆಗೆ ‘ಶಿಸ್ತು’ ಎಂದೇ ಹೆಸರು. ಊರೂರಿನಲ್ಲಿ ಬಗೆಬಗೆಯ ಭೂಮಿಯ ಒಂದೊಂದು ಗದ್ದೆಯನ್ನು ಆರಿಸಿ, ಹನ್ನೆರಡು ವರ್ಷ ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು, ಮಾರಿದ್ದೆಷ್ಟಕ್ಕೆ ಎಂದು ಬರೆಸಿ, ಆಮೇಲೆ ಭೂಮಿಯನ್ನು ತರಗತಿಗಳಾಗಿ ವಿಂಗಡಿಸಿ ಕಂದಾಯ ಗೊತ್ತುಮಾಡಿದರಂತೆ. ಹನ್ನೆರಡು ವರ್ಷ! ಈಗಿನ ಸರ್ಕಾರಗಳು ಎರಡು ರೂಪಾಯಿಯೋ ಮೂರು ರೂಪಾಯಿಯೋ ಎಂದು ಹನ್ನೆರಡು ನಿಮಿಷ ಯೋಚಿಸಿದರೂ ಅದು ಸಂಪುಟದ ಭಿನ್ನಮತವೆಂದು ಸುದ್ದಿಯಾಗುತ್ತದೆ. ಆ ಶಿಸ್ತಿನ ಮೇಲೆ ಮುಂದಿನವರು ಸೇರಿಸುತ್ತ ಹೋದರು, ಅಧಿಕಾರಿಗಳು ತಮ್ಮ ಪಾಲನ್ನೂ ಸೇರಿಸಿದರು, ಕೊನೆಗೆ 1830ರಲ್ಲಿ ನಗರ (ಹಳೆಯ ಬಿದನೂರು) ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲವೆಂದರು. ಆ ದಂಗೆಯ ನೆಪದಲ್ಲೇ 1831ರಲ್ಲಿ ಮೈಸೂರಿನ ಆಡಳಿತ ಅರಸರ ಕೈತಪ್ಪಿ ಬ್ರಿಟಿಷರ ಪಾಲಾಯಿತು. ಮಲೆನಾಡಿನವರು ಸಾಮಾನ್ಯವಾಗಿ ಮಳೆ ಬಂದರೂ ಮಾತಾಡದ ಜನ. ಈಗ ಸರ್ಕಾರಕ್ಕೆ ದಂಗೆಯ ಆ ಭಯವೂ ಇಲ್ಲ. ಪ್ರತಿಭಟನೆಗೆ ಅನುಮತಿ ಬೇಡಿ ಅರ್ಜಿ ಹಾಕಿದರೆ ಅದಕ್ಕೂ ಶುಲ್ಕವಿದ್ದೀತು.

ಶುಲ್ಕ ಎಂದಾಗ ನೆನಪಾಯಿತು. ತೆರಿಗೆ ಬೇರೆ, ಶುಲ್ಕ ಬೇರೆ ಎಂಬ ಭೇದವನ್ನು ಸುಪ್ರೀಂ ಕೋರ್ಟ್ 1954ರಲ್ಲಿ ಬಿಡಿಸಿ ಹೇಳಿದ್ದು ಘಟ್ಟದ ಕೆಳಗಿನ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ. ತೆರಿಗೆಗೆ ಪ್ರತಿಯಾಗಿ ಏನನ್ನೂ ಕೇಳುವಂತಿಲ್ಲ, ಶುಲ್ಕಕ್ಕೆ ಪ್ರತಿಯಾಗಿ ಸೇವೆ ಸಲ್ಲಬೇಕು. ಸೆಸ್ ಇವೆರಡರ ನಡುವಿನ ಗಡಿಯಲ್ಲಿ ಮನೆ ಕಟ್ಟಿಕೊಂಡು, ವಸೂಲು ಮಾಡುವಾಗ ಶುಲ್ಕದಂತೆ ಉದ್ದೇಶವನ್ನು ತೋರಿಸುತ್ತದೆ, ಲೆಕ್ಕ ಕೇಳಿದಾಗ ತೆರಿಗೆಯಂತೆ ಮೌನವಾಗಿರುತ್ತದೆ.

ಉದಾಹರಣೆಗೆ ನಮ್ಮ ರಾಜ್ಯದ ಪಟ್ಟಣಗಳ ಮನೆ ಕಂದಾಯದ ರಸೀದಿಯನ್ನು ತೆಗೆದುಕೊಳ್ಳಿ. ಕಂದಾಯದ ಮೇಲೆ ಶೇಕಡಾ 15 ಆರೋಗ್ಯ ಕರ, ಶೇಕಡಾ 6 ಗ್ರಂಥಾಲಯ ಕರ, ಶೇಕಡಾ 3 ಭಿಕ್ಷುಕರ ಕರ. ಗ್ರಂಥಾಲಯದ್ದು 1965ರ ಕಾಯ್ದೆ, ಭಿಕ್ಷುಕರದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಗ್ರಂಥಾಲಯಕ್ಕೆಂದು ಎತ್ತಿದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಳ್ಳುವುದು ಹಳೆಯ ಕಥೆ. ಇಲಾಖೆಯವರು ಪತ್ರ ಬರೆಯುತ್ತಾರೆ, ಸಂಸ್ಥೆಗಳು ಆ ಪತ್ರಗಳನ್ನು ಜೋಪಾನವಾಗಿ ಕಡತದಲ್ಲಿ ಸೇರಿಸಿಡುತ್ತವೆ, ಹೀಗೆ ಕನಿಷ್ಠ ಪಕ್ಷ ಅಲ್ಲೊಂದು ಓದುವ ಸಾಮಗ್ರಿಯ ಸಂಗ್ರಹವಾದರೂ ಬೆಳೆಯುತ್ತದೆ. ಭಿಕ್ಷುಕರ ಕರದ ಬಾಕಿಯದ್ದೂ ಅದೇ ಹಾಡು. ಭಿಕ್ಷೆ ಬೇಡುವುದು ಅಪರಾಧವೆಂದು ಸಾರುವ ಕಾಯ್ದೆಯ ಅಡಿಯಲ್ಲಿ, ಭಿಕ್ಷುಕರ ಹೆಸರು ಹೇಳಿ ಮನೆಮನೆಯಿಂದ ಎತ್ತಿದ ಹಣಕ್ಕಾಗಿ, ನಿರಾಶ್ರಿತರ ಪರಿಹಾರ ಕೇಂದ್ರದವರು ಪಾಲಿಕೆಯ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವಂತಾದರೆ, ಹಿಡಿದು ಒಳಗೆ ಹಾಕಬೇಕಾದದ್ದು ಯಾರನ್ನು ಎಂಬುದನ್ನು ಕಾಯ್ದೆ ಸ್ಪಷ್ಟಪಡಿಸಿಲ್ಲ.

ಎಲ್ಲ ಸೆಸ್ಸೂ ಹೀಗೆ ಎಂದರೆ ಅನ್ಯಾಯವಾದೀತು. 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು. ಜಗತ್ತಿನ ಮಾರುಕಟ್ಟೆ ಮಲಗಿದ್ದ ಕಾಲದಲ್ಲಿ ಚಿಕ್ಕಮಗಳೂರು, ಕೊಡಗಿನ ಕಾಫಿಯನ್ನು ಕೊಳ್ಳುವವರಿರಲಿಲ್ಲ. ಆ ಸೆಸ್ಸಿನ ಹಣದಿಂದ ನಡೆದ ಸಮಿತಿ, ನಮ್ಮ ಕಾಫಿಯನ್ನು ನಮ್ಮವರಿಗೇ ಕುಡಿಸೋಣವೆಂದು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು. ಆಮೇಲೆ ಊರೂರಲ್ಲಿ ಕಾಫಿ ಹೌಸುಗಳಾದವು, ಅಲ್ಲಿ ಕುಳಿತು ಕವಿಗಳು, ವಕೀಲರು, ಕೆಲಸವಿಲ್ಲದವರು ಎರಡು ಮೂರು ತಲೆಮಾರು ಸರ್ಕಾರವನ್ನು ಬೈದರು. ಕೊಟ್ಟ ದುಡ್ಡು ಲೋಟದಲ್ಲಿ ಹೊಗೆಯಾಡುತ್ತ ಎದುರಿಗೆ ಬಂದು ಕೂತ ಸೆಸ್ ನನಗೆ ಗೊತ್ತಿರುವಂತೆ ಇದೊಂದೇ. ಅದರ ಹೆಸರಿನಲ್ಲಿ ರಾಷ್ಟ್ರವೂ ಇರಲಿಲ್ಲ, ಕಲ್ಯಾಣವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಕಾಫಿಯವರಿಗೆ ಅಷ್ಟಾದರೆ ಅಡಿಕೆಯವರಿಗೆ ಏನೂ ಇಲ್ಲವೇ ಎಂದು ಸಾಗರ, ತೀರ್ಥಹಳ್ಳಿ, ಹೊಸನಗರದ ಬೆಳೆಗಾರರು ಮುನಿಸಿಕೊಳ್ಳಬೇಕಾಗಿಲ್ಲ. ಮಂಡಿಯ ಪಟ್ಟಿಯಲ್ಲಿ ಎಪಿಎಂಸಿ ಸೆಸ್ಸು ಹಿಂದಿನಿಂದಲೂ ಇದೆ. ಕಾನೂನಿನ ಪ್ರಕಾರ ಅದನ್ನು ಕೊಡಬೇಕಾದವನು ಖರೀದಿದಾರ, ಅವನು ಅದನ್ನು ಎಲ್ಲಿಂದ ಮುರಿದುಕೊಳ್ಳುತ್ತಾನೆಂಬುದು ರಾಶಿ ಇಡಿ ಅಡಿಕೆ ತೂಗಿಸಿ ಬಂದ ಯಾರಿಗೂ ಗೊತ್ತು. ಈಗ ದಿಲ್ಲಿಯವರು ಅಡಿಕೆಯನ್ನು ಇನ್ನೂ ಎತ್ತರಕ್ಕೆ ಏರಿಸಿದ್ದಾರೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಪಾನ್ ಮಸಾಲಾ ಮೇಲೆ ಒಂದು ಹೊಸ ಸೆಸ್ಸಿಗೆ ಒಪ್ಪಿಗೆ ಕೊಟ್ಟಿತು. ಅದರ ಹೆಸರು ‘ಆರೋಗ್ಯ ಭದ್ರತೆಯಿಂದ ರಾಷ್ಟ್ರೀಯ ಭದ್ರತೆ’ ಸೆಸ್. ಪೊಟ್ಟಣ ತುಂಬುವ ಯಂತ್ರದ ವೇಗ ನೋಡಿ ಸೆಸ್ ಕಟ್ಟಬೇಕು, ಆ ಹಣ ಆರೋಗ್ಯಕ್ಕೂ ದೇಶದ ರಕ್ಷಣೆಗೂ ಹೋಗಬೇಕು. ಅಡಿಕೆ ತಿಂದರೆ ಆರೋಗ್ಯ ಕೆಡುತ್ತದೆಂದು ಒಂದು ಇಲಾಖೆ ಹೇಳುತ್ತಿರುವಾಗಲೇ, ಹೆಚ್ಚು ತಿಂದಷ್ಟೂ ಗಡಿ ಭದ್ರವಾಗುತ್ತದೆಂದು ಇನ್ನೊಂದು ಇಲಾಖೆ ವ್ಯವಸ್ಥೆ ಮಾಡಿಟ್ಟಿದೆ. ಎಲೆಚುಕ್ಕಿ ರೋಗಕ್ಕೆ ತೋಟ ಒಣಗಿ ನಿಂತ ಬೆಳೆಗಾರನಿಗೆ, ತನ್ನ ಮರದಡಿಯಲ್ಲಿ ರಾಷ್ಟ್ರೀಯ ಭದ್ರತೆಯೂ ಉದುರುತ್ತಿದೆ ಎಂಬ ಅರಿವು ಎಷ್ಟು ಸಮಾಧಾನ ತರಬಹುದು.

ದಿಲ್ಲಿಗೆ ಸೆಸ್ಸಿನ ಮೇಲೆ ಯಾಕಿಷ್ಟು ಪ್ರೀತಿ ಎಂಬುದು ಗುಟ್ಟೇನಲ್ಲ. ಸಂವಿಧಾನದ 270ನೆಯ ವಿಧಿಯ ಪ್ರಕಾರ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲುಂಟು, ಸೆಸ್ ಮತ್ತು ತೆರಿಗೆಯ ಮೇಲೆ ಹೇರುವ ಹೆಚ್ಚುವರಿ ತೆರಿಗೆಯಾದ ಸರ್‌ಚಾರ್ಜಿನಲ್ಲಿ ಇಲ್ಲ. 2021ರಲ್ಲಿ ಒಂದು ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರ 32 ರೂಪಾಯಿ 90 ಪೈಸೆ ಎತ್ತುತ್ತಿದ್ದಾಗ, ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಇದ್ದದ್ದು 1 ರೂಪಾಯಿ 40 ಪೈಸೆ. ಉಳಿದದ್ದು ರಸ್ತೆ ಸೆಸ್, ಕೃಷಿ ಮೂಲಸೌಕರ್ಯ ಸೆಸ್, ವಿಶೇಷ ಹೆಚ್ಚುವರಿ ಸುಂಕ. ಇದನ್ನು ಬೆಂಗಳೂರಿನಲ್ಲಿ ಕುಳಿತವರು ಒಕ್ಕೂಟ ವ್ಯವಸ್ಥೆಗೆ ಬಗೆದ ದ್ರೋಹವೆಂದು ಗಟ್ಟಿಯಾಗಿ ಖಂಡಿಸುತ್ತಾರೆ, ಖಂಡಿಸಿ ಮುಗಿದ ಮೇಲೆ ಸಿನಿಮಾ ಟಿಕೆಟ್ಟಿಗೊಂದು, ನೀರಿಗೊಂದು ಸೆಸ್ ಹಾಕುವ ಸಭೆಗೆ ಹೋಗುತ್ತಾರೆ.

ಹೋಗಲಿ, ಹೆಸರು ಹೇಳಿ ಎತ್ತಿದ್ದು ಹೆಸರಿಗೆ ತಕ್ಕ ಜಾಗಕ್ಕೆ ತಲುಪುತ್ತದೆಯೇ? 2018-19ರಲ್ಲಿ 35 ಬಗೆಯ ಸೆಸ್ ಮತ್ತಿತರ ಲೆವಿಗಳಿಂದ ಬಂದ ಸುಮಾರು 2.75 ಲಕ್ಷ ಕೋಟಿ ರೂಪಾಯಿಗಳಲ್ಲಿ ಉದ್ದೇಶಿತ ನಿಧಿಗಳಿಗೆ ಹೋದದ್ದು 1.64 ಲಕ್ಷ ಕೋಟಿ ಮಾತ್ರ ಎಂದು ಹೇಳಿದವರು ವಿರೋಧ ಪಕ್ಷದವರಲ್ಲ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು (ಸಿಎಜಿ). ಉಳಿದದ್ದು ಸಂಚಿತ ನಿಧಿಯಲ್ಲೇ, ಎಂದರೆ ಕೇಂದ್ರದ ಸಾಮಾನ್ಯ ಖಜಾನೆಯಲ್ಲೇ ಉಳಿಯಿತು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು 1996ರಿಂದ ಎತ್ತುತ್ತಿರುವ ಸೆಸ್ಸಿನದ್ದು ಇನ್ನೂ ಚಂದ. ಆ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ ಕೊಂಡದ್ದು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಮೂರ್ತಿಗಳು ಕೆಂಡಾಮಂಡಲವಾದರು. ನನಗೆ ಮಾತ್ರ ಅದರಲ್ಲಿ ತಪ್ಪು ಕಾಣಿಸಲಿಲ್ಲ. ತಗಡಿನ ಶೆಡ್ಡಿನಲ್ಲಿ ಕರೆಂಟೂ ನಲ್ಲಿಯೂ ಇಲ್ಲದೆ ಬದುಕುವ ಗಾರೆ ಕೆಲಸದವನಿಗೆ ವಾಷಿಂಗ್ ಮೆಷಿನ್ ಕೊಟ್ಟರೆ ಕನಿಷ್ಠ ಪಕ್ಷ ಬಟ್ಟೆ ಇಡಲು ಒಂದು ಪೆಟ್ಟಿಗೆಯಾಯಿತು.

ಇನ್ನು ಆದಾಯ ತೆರಿಗೆಯ ಮೇಲಿನ ಸೆಸ್. 2004ರಲ್ಲಿ ಶೇಕಡಾ 2 ಎಂದು ಬಂದ ಶಿಕ್ಷಣ ಸೆಸ್ 2007ರಲ್ಲಿ 3 ಆಯಿತು, 2018ರಲ್ಲಿ ಆರೋಗ್ಯವನ್ನೂ ಜೊತೆಗೆ ಸೇರಿಸಿಕೊಂಡು 4 ಆಯಿತು. ಅದನ್ನು ಲೆಕ್ಕ ಹಾಕುವುದು ತೆರಿಗೆ ಮತ್ತು ಸರ್‌ಚಾರ್ಜು ಎರಡನ್ನೂ ಕೂಡಿಸಿದ ಮೊತ್ತದ ಮೇಲೆ. ಆರೋಗ್ಯ ಎಂಬ ಮಾತು ಬಂದದ್ದರಿಂದ ಹೇಳುತ್ತೇನೆ: ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಬಂತೆಂದರೆ ಮಲೆನಾಡಿನ ಕೂಲಿಯವರನ್ನು, ತರಗೆಲೆ ತರಲು ಹೋದ ಹೆಂಗಸರನ್ನು ಹಿಡಿಯುತ್ತದೆ. ಇದ್ದ ಒಂದು ಲಸಿಕೆ ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಕಂದಾಯದಲ್ಲಿ ಶೇಕಡಾ 15, ಆದಾಯ ತೆರಿಗೆಯಲ್ಲಿ ಶೇಕಡಾ 4, ಪಾನ್ ಮಸಾಲಾ ಪೊಟ್ಟಣದ ಮೇಲೆ ಬೇರೆ. ಆರೋಗ್ಯದ ಹೆಸರಿಗೆ ನಾವೇನೂ ಬಾಕಿ ಇಟ್ಟಿಲ್ಲ.

ನಗುವುದಕ್ಕೆ ಇನ್ನೂ ವಿಷಯವಿದೆ, ಆದರೆ ನಗು ಬರುತ್ತಿಲ್ಲ. ಘಟ್ಟವನ್ನು ಉಳಿಸಲು ನೀರು ಕುಡಿಯುವವರಿಂದ ಚಿಲ್ಲರೆ ಎತ್ತಹೊರಟ ಇದೇ ಸರ್ಕಾರ, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಸುರಂಗ ಕೊರೆದು 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿ ಮತ್ತೆ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ) ಯೋಜನೆ ಮಾಡಿಯೇ ತೀರುತ್ತೇನೆಂದು ಹಟ ಹಿಡಿದಿದೆ. ಶರಾವತಿಯನ್ನೇ ಬೆಂಗಳೂರಿಗೆ ಒಯ್ಯುವ ಮಾತು 2019ರಲ್ಲಿ ಬಂದು, ಜಿಲ್ಲೆಗೆ ಜಿಲ್ಲೆಯೇ ಬೀದಿಗಿಳಿದ ಮೇಲೆ ತಣ್ಣಗಾಯಿತು. ಸೆಸ್ಸಿನ ಸುದ್ದಿ ಬಂದ ಅದೇ ನವೆಂಬರಿನಲ್ಲಿ ತುಂಗೆಯನ್ನು ಉಳಿಸಿ ಎಂದು ಜನ ಶೃಂಗೇರಿಯಿಂದ ನಡೆದುಕೊಂಡು ಹೊರಟಿದ್ದರು, ಯಾಕೆಂದರೆ ದಡದ ಊರುಗಳ ಚರಂಡಿ ಹೊಳೆಗೇ ಬೀಳುತ್ತಿದೆ. ಚರಂಡಿ ನೀರು ಶುದ್ಧ ಮಾಡಲು ಯಾವ ಹೊಸ ಸೆಸ್ಸೂ ಬೇಕಾಗಿಲ್ಲ, ಈಗಾಗಲೇ ತೆಗೆದುಕೊಂಡ ದುಡ್ಡಿನಲ್ಲಿ ಮಾಡಬೇಕಾದ ಕೆಲಸ ಮಾಡಿದರೆ ಸಾಕು. ಇದನ್ನು ಹೇಳಲು ವ್ಯಂಗ್ಯವೂ ಬೇಕಾಗಿಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆ ಬೆಳಕು ಕೊಡಲು ಮನೆ, ತೋಟ, ದೇವಸ್ಥಾನ ಮುಳುಗಿಸಿಕೊಂಡವರನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿ ಕಾಡಿನ ನಡುವೆ ಇಳಿಸಿದರು. ಹಿನ್ನೀರಿನ ಆಚೆ ಉಳಿದವರಿಗೆ ಒಂದು ಸೇತುವೆ ಬರಲು 2025ರ ಜುಲೈ ತನಕ ಬೇಕಾಯಿತು, ಅಲ್ಲಿಯವರೆಗೆ ಹೆರಿಗೆಗೂ ಹೆಣಕ್ಕೂ ಲಾಂಚ್ ಕಾಯಬೇಕಿತ್ತು. ಕಾಡಿನಲ್ಲಿ ಇಳಿದವರು ಗದ್ದೆ ಮಾಡಿದರು, ಅಡಿಕೆ ಹಾಕಿದರು, ಸತ್ತರು, ಅವರ ಮಕ್ಕಳು ಮುದುಕರಾದರು. ಆ ಭೂಮಿ ಕಾಗದದ ಮೇಲೆ ಇನ್ನೂ ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅದನ್ನು ಬಿಟ್ಟುಕೊಡಲು ಕೇಂದ್ರದ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ರಾಜ್ಯ ಹೊರಡಿಸಿದ ಡಿನೋಟಿಫಿಕೇಶನ್ (ಅರಣ್ಯದ ಪಟ್ಟಿಯಿಂದ ಕೈಬಿಡುವ) ಆದೇಶಗಳು ರದ್ದಾದವು. ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ಬಂದು ಹಕ್ಕುಪತ್ರದ ಮಾತು ಕೊಟ್ಟು ಹೋಗುತ್ತಾರೆ. ಅರವತ್ತು ವರ್ಷದಿಂದ ಇವರು ಕಟ್ಟುತ್ತಿರುವುದಕ್ಕೆ ಯಾವ ಹಣಕಾಸು ಇಲಾಖೆಯೂ ಹೆಸರಿಟ್ಟಿಲ್ಲ, ರಸೀದಿಯನ್ನೂ ಕೊಟ್ಟಿಲ್ಲ.

ಹಸಿರು ಸೆಸ್ಸಿನ ಪ್ರಸ್ತಾಪದಲ್ಲಿ ಇವರಿಗೆ ಸಂಬಂಧಿಸಿದ್ದು ಎನ್ನಬಹುದಾದ ಒಂದು ಮಾತಿದೆ. ಬರುವ ಹಣದಲ್ಲಿ ಕಾಡಂಚಿನ ಜಮೀನುಗಳನ್ನು, ಸ್ವಇಚ್ಛೆಯಿಂದ ಮಾರುವ ರೈತರಿಂದ ಸರ್ಕಾರ ಕೊಳ್ಳುತ್ತದಂತೆ. ಕಾಡಾನೆ, ಮಂಗ, ಎಲೆಚುಕ್ಕಿ ಎಲ್ಲವನ್ನೂ ಕಂಡು ಸಾಕಾಗಿ, ಮಾರಿಬಿಡೋಣ ಎನ್ನುವವರು ಈ ಕುಟುಂಬಗಳಲ್ಲೂ ಇದ್ದಾರು. ಆದರೆ ಮಾರಲು ಪಹಣಿಯಲ್ಲಿ ಹೆಸರಿರಬೇಕು. ಹೆಸರು ಬರಲು ಹಕ್ಕುಪತ್ರ ಬೇಕು. ಹಕ್ಕುಪತ್ರವನ್ನು ಕೊಡಬೇಕಾದವರು ಕೊಳ್ಳಲು ಬರುವವರೇ.